ದ್ರಾಕ್ಷಿ ಬರುವ ಮೊದಲಿನ ದಾರಿ

ಡೆಟ್ರಾಯಿಟ್‌ನಿಂದ ಆನ್ ಆರ್ಬರ್ ಕಡೆಗೆ ಹೊರಟರೆ ನಡುವೆ ಸಿಗುವ ಕ್ಯಾಂಟನ್ ಅಪ್ಪಟ ಸಪಾಟು ನೆಲ. 1834ರಲ್ಲಿ ಟೌನ್‌ಶಿಪ್ ಆದಮೇಲೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಸಾಯವನ್ನೇ ನಂಬಿದ್ದ ಈ ಊರು ಈಗ ಸುಮಾರು 98 ಸಾವಿರ ಜನರ ಉಪನಗರ. ಕಾರು ಕಂಪನಿಗಳ ಕಚೇರಿಗಳು ಹತ್ತಿರವಿರುವುದರಿಂದ ಕನ್ನಡದ ಮನೆಗಳೂ ಇಲ್ಲಿ ಸಾಕಷ್ಟಿವೆ. ಡೆಟ್ರಾಯಿಟ್ ಸೀಮೆಯ ಪಂಪ ಕನ್ನಡ ಕೂಟದ ಬಳಗ ಇಂಥ ಉಪನಗರಗಳಲ್ಲೇ ಹಬ್ಬಿಕೊಂಡಿದೆ. ಇಲ್ಲಿನವರಿಗೆ ಏರಿಳಿತದ ನೆಲ ನೋಡಬೇಕೆನಿಸಿದರೆ ವಾಯವ್ಯಕ್ಕೆ ನಾಲ್ಕು ಗಂಟೆ ಕಾರು ಓಡಿಸಿ ಟ್ರಾವರ್ಸ್ ಸಿಟಿ ಸೇರಬೇಕು. ಅದರಾಚೆ ಮಿಶಿಗನ್ ಸರೋವರದೊಳಕ್ಕೆ ಚಾಚಿಕೊಂಡಿರುವ ಲೀಲನೋ ಮತ್ತು ಓಲ್ಡ್ ಮಿಷನ್ ಎಂಬ ಎರಡು ಪರ್ಯಾಯ ದ್ವೀಪಗಳಲ್ಲಿ ಗುಡ್ಡ, ಕಣಿವೆ, ದ್ರಾಕ್ಷಿ ತೋಟ, ನೀಲಿ ನೀರು ಎಲ್ಲವೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಪ್ರವಾಸದ ಕೈಪಿಡಿಗಳು ಇದನ್ನು ವೈನ್ ನಾಡು ಎನ್ನುತ್ತವೆ. ಮಕ್ಕಳು ಮುದುಕರು ಕೂಡ ನಡೆಯಬಹುದಾದ ದಾರಿಗಳನ್ನು ಆ ವೈನ್ ನಾಡಿನ ಕೊಡುಗೆಯೆಂಬಂತೆ ವರ್ಣಿಸುತ್ತವೆ. ಇತಿಹಾಸ ಹೇಳುವುದು ಬೇರೆ. ದ್ರಾಕ್ಷಿ ಈ ಗುಡ್ಡಗಳಿಗೆ ಎಲ್ಲಕ್ಕಿಂತ ಕೊನೆಗೆ ಬಂದ ಬೆಳೆ. ನಡೆಯುವ ದಾರಿ ಸಿಕ್ಕಿದ್ದು ಮುಚ್ಚಿಹೋದ ರೈಲಿನಿಂದ, ಕೈಬಿಟ್ಟ ಬೇಸಾಯದಿಂದ, ಸಾರ್ವಜನಿಕ ದುಡ್ಡಿನಲ್ಲಿ ಕೊಂಡ ನೆಲದಿಂದ. ಈ ವ್ಯತ್ಯಾಸವನ್ನು ಗಮನಿಸದಿದ್ದರೆ, ನಾಳೆ ಆ ದಾರಿಗಳು ಉಳಿಯಬೇಕಾದರೆ ಏನನ್ನು ಕಾಪಾಡಬೇಕು ಎಂಬುದೂ ತಿಳಿಯುವುದಿಲ್ಲ.

ಮಿಶಿಗನ್ನಿನ ಈ ಭಾಗದಲ್ಲಿ ಬೆಟ್ಟವೆಲ್ಲಿದೆ ಎಂದು ಸಹ್ಯಾದ್ರಿಯ ಕಡೆಯವರು ಕೇಳಿಯಾರು. ನಂದಿ ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರು. ಇಲ್ಲಿ ಸರೋವರದ ನೀರಿನಿಂದ 400 ಅಡಿ ಮೇಲೆದ್ದರೆ ಅದೇ ದೊಡ್ಡ ಗುಡ್ಡ. ಒಪ್ಪಬೇಕಾದ ಮಾತು. ಆದರೆ ಈ ಗುಡ್ಡಗಳ ಹುಟ್ಟೇ ಬೇರೆ ಬಗೆಯದು. ಸುಮಾರು ಹನ್ನೆರಡು ಸಾವಿರ ವರ್ಷಗಳ ಹಿಂದೆ ಹಿಂಜರಿದ ಹಿಮರಾಶಿ ತಾನು ಹೊತ್ತು ತಂದ ಮರಳು, ಜಲ್ಲಿ, ಜೇಡಿಯನ್ನು ಇಲ್ಲಿ ಉದ್ದುದ್ದ ದಿಬ್ಬಗಳಾಗಿ ಸುರಿದು ಹೋಯಿತು. ಹಾಗಾಗಿ ಇಳಿಜಾರು ಕಡಿದಲ್ಲ, ಮಣ್ಣು ಸಡಿಲ, ನೀರು ನಿಲ್ಲುವುದಿಲ್ಲ. ತಂಪು ಗಾಳಿ ಕೆಳಕ್ಕೆ ಜಾರಿ ಹೋಗುವುದರಿಂದ ಇಳಿಜಾರಿನ ಮೇಲ್ಭಾಗಕ್ಕೆ ಹಿಮದ ಕಾಟ ಕಡಿಮೆ. ಪಕ್ಕದ ಸರೋವರ ವಸಂತದಲ್ಲಿ ಗಾಳಿಯನ್ನು ತಣ್ಣಗಿಟ್ಟು ಮೊಗ್ಗು ಬೇಗ ಒಡೆಯದಂತೆ ತಡೆಯುತ್ತದೆ. ಬೇಸಿಗೆಯಲ್ಲಿ ಕೂಡಿಟ್ಟ ಶಾಖವನ್ನು ಶರತ್ಕಾಲದಲ್ಲಿ ಬಿಟ್ಟುಕೊಟ್ಟು ಹಣ್ಣು ಮಾಗಲು ಇನ್ನಷ್ಟು ದಿನ ಒದಗಿಸುತ್ತದೆ. ಉತ್ತರ ಅಕ್ಷಾಂಶ 45 ಡಿಗ್ರಿಯ ಚಳಿನಾಡಿನಲ್ಲಿ ಹಣ್ಣಿನ ಬೆಳೆ ಸಾಧ್ಯವಾದದ್ದು ಈ ಕಾರಣಗಳಿಂದ. ನಡಿಗೆ ಸಲೀಸಾದದ್ದಕ್ಕೂ ಮೊದಲ ಕಾರಣ ಈ ಇಳಿಜಾರುಗಳೇ.

ಆ ಹಣ್ಣು ಮೊದಲಿಗೆ ದ್ರಾಕ್ಷಿಯಾಗಿರಲಿಲ್ಲ. 1839ರಲ್ಲಿ ಪೀಟರ್ ಡೌಹರ್ಟಿ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿ ಇಲ್ಲಿನ ಒಡಾವಾ ಮತ್ತು ಓಜಿಬ್ವೆ ಜನರ ನಡುವೆ ಮಿಷನ್ ಕಟ್ಟಿದ. ಮೂರು ವರ್ಷ ಹಿಂದೆ, 1836ರ ವಾಷಿಂಗ್ಟನ್ ಒಪ್ಪಂದದಲ್ಲಿ, ಆ ಜನ ಇಂದಿನ ಮಿಶಿಗನ್ನಿನ ದೊಡ್ಡ ಪಾಲನ್ನು ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಟ್ಟಿದ್ದರು. ತಮಗಾಗಿ ಉಳಿಸಿಕೊಂಡಿದ್ದ ಪ್ರದೇಶಗಳಿಗೂ ಸೆನೆಟ್ ಐದೇ ವರ್ಷದ ಅವಧಿ ಹಾಕಿತು. ಆಮೇಲೆ ತಾವು ಉಳುತ್ತಿದ್ದ ನೆಲವೇ ತಮ್ಮದೆಂದು ಹೇಳಿಕೊಳ್ಳುವ ಹಕ್ಕು ಅವರಿಗಿರಲಿಲ್ಲ. 1850ರ ರಾಜ್ಯ ಸಂವಿಧಾನ ಒಂದು ಕಿಂಡಿ ತೆರೆದಾಗ ಅವರಲ್ಲಿ ಹಲವರು ಕೊಲ್ಲಿಯಾಚೆಯ ಲೀಲನೋ ದಡದ ಒಮೀನಾದಲ್ಲಿ ದುಡ್ಡು ಕೊಟ್ಟು ನೆಲ ಕೊಂಡರು; 1852ರಲ್ಲಿ ಮಿಷನ್ನೂ ಅವರ ಹಿಂದೆಯೇ ಅಲ್ಲಿಗೆ ಹೋಯಿತು. ಬಿಟ್ಟುಹೋದ ಹಳೆಯ ಜಾಗಕ್ಕೆ ಓಲ್ಡ್ ಮಿಷನ್ ಎಂಬ ಹೆಸರು ಅಂಟಿತು. ಡೌಹರ್ಟಿ ಅಲ್ಲಿ ಚೆರ್ರಿ ಗಿಡ ನೆಟ್ಟನೆಂದು ಎಲ್ಲ ಕೈಪಿಡಿಗಳೂ ಹೇಳುವ ವರ್ಷವೂ 1852ನೇ ಇಸವಿಯೇ. ಚೆರ್ರಿಯ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ ಎನ್ನುವವರು ಅದೇ ವರ್ಷ ಅಲ್ಲಿಂದ ಎದ್ದುಹೋದವರ ಮಾತನ್ನು ಸಾಮಾನ್ಯವಾಗಿ ಎತ್ತುವುದಿಲ್ಲ. ಎತ್ತಿದ್ದರೆ ಲೇಖನ ಉದ್ದವಾಗುತ್ತಿತ್ತು, ಅಷ್ಟೆ.

ಚೆರ್ರಿ ಮನೆಯ ಹಿತ್ತಲಿನಿಂದ ಮಾರುಕಟ್ಟೆಗೆ ಹೋದದ್ದು 1890ರ ದಶಕದ ನಂತರ. ಅದಕ್ಕೂ ಮೊದಲು ಮರ ಕಡಿಯುವವರ ಕಾಲ ಬಂದು ಹೋಗಿತ್ತು. ಬೋಳಾದ ಗುಡ್ಡಗಳಿಗೆ ಹೊಸದೊಂದು ಬೆಳೆ ಬೇಕಿತ್ತು. ಹುಳಿ ಚೆರ್ರಿ ಆ ಜಾಗ ತುಂಬಿತು, ಎಷ್ಟರಮಟ್ಟಿಗೆ ಎಂದರೆ ಅಮೆರಿಕದ ಹುಳಿ ಚೆರ್ರಿಯ ಸುಮಾರು ಮುಕ್ಕಾಲು ಪಾಲು ಇವತ್ತಿಗೂ ಮಿಶಿಗನ್ನಿನದು. ಬೇಗ ಕೊಳೆಯುವ ಹಣ್ಣಿಗೆ ಬೇಗ ಓಡುವ ವಾಹನ ಬೇಕು. 1903ರಲ್ಲಿ ಟ್ರಾವರ್ಸ್ ಸಿಟಿಯಿಂದ ಲೀಲನೋ ಉದ್ದಕ್ಕೂ ನಾರ್ತ್‌ಪೋರ್ಟ್ ತನಕ ರೈಲು ಹಾಕಿದರು. ಅದರ ಕನಸು ದೊಡ್ಡದಿತ್ತು. ನಾರ್ತ್‌ಪೋರ್ಟಿನಲ್ಲಿ ಬೋಗಿಗಳನ್ನೇ ಹಡಗಿಗೇರಿಸಿ ಸರೋವರ ದಾಟಿಸಿ ಆಚೆಯ ಮ್ಯಾನಿಸ್ಟೀಕ್ ಮುಟ್ಟಬೇಕೆಂದಿತ್ತು. ಕನಸು ಕೆಲವೇ ವರ್ಷಗಳಲ್ಲಿ ಮುರಿಯಿತು. ಆದರೂ ರೈಲು ಹಣ್ಣು ಹೊತ್ತುಕೊಂಡು ದಶಕಗಟ್ಟಲೆ ಕುಂಟುತ್ತಾ ಓಡಿತು. ಕೊನೆಗೆ ಲಾರಿಗಳು ಅದರ ಬಾಯಿಗೆ ಮಣ್ಣು ಹಾಕಿದವು. ಹಳಿ ಹೋಯಿತು, ಏರಿ ಉಳಿಯಿತು. ಆ ಏರಿಯ ಮೇಲೆ ಟ್ರಾವರ್ಸ್ ಸಿಟಿಯಿಂದ ಸಟನ್ಸ್ ಬೇವರೆಗೆ 17 ಮೈಲಿನ ಲೀಲನೋ ಟ್ರೇಲ್ ಇಂದು ಹಾದುಹೋಗುತ್ತದೆ. ಎರಡೂ ಪಕ್ಕ ಚೆರ್ರಿ ತೋಟ, ದ್ರಾಕ್ಷಿ ಸಾಲು, ಜೌಗು, ಕಾಡು.

ಸಲೀಸು ಎಂಬ ಗುಣಕ್ಕೂ ಒಂದು ಚರಿತ್ರೆ ಇದೆ ಎಂದು ನಾನು ಹೇಳುವುದು ಇದಕ್ಕಾಗಿ. ಉಗಿಬಂಡಿಗೆ ನೂರಡಿಗೆ ಒಂದೆರಡು ಅಡಿಗಿಂತ ಹೆಚ್ಚಿನ ಏರು ಆಗದು. ಆದ್ದರಿಂದ ರೈಲು ಇಂಜಿನಿಯರುಗಳು ದಿಬ್ಬ ಸೀಳಿದರು, ತಗ್ಗು ತುಂಬಿದರು, ಗುಡ್ಡ ಸುತ್ತಿ ಬಳಸಿ ಹೋದರು. ಅವರು ಹಣ್ಣಿನ ಪೆಟ್ಟಿಗೆಗಳಿಗಾಗಿ ಲೆಕ್ಕ ಹಾಕಿದ ಇಳಿಜಾರು ಇಂದು ತಳ್ಳುಗಾಡಿಯಲ್ಲಿ ಕೂತ ಮಗುವಿಗೂ ಊರಿಂದ ಬಂದ ಅಜ್ಜಿಯ ಮಂಡಿಗೂ ಹಿತವಾಗಿದೆ. ಇನ್ನೊಂದು ಉದಾಹರಣೆ ಕ್ಯಾಂಟನ್ನಿನವರಿಗೆ ಇನ್ನೂ ಹತ್ತಿರದ್ದು. ಟೊಲಿಡೋದಿಂದ ಆನ್ ಆರ್ಬರ್ ಮೂಲಕ ಉತ್ತರಕ್ಕೆ ಸಾಗಿ ಸರೋವರದ ದಡದ ಫ್ರಾಂಕ್‌ಫರ್ಟ್ ಮುಟ್ಟುತ್ತಿದ್ದ ಆನ್ ಆರ್ಬರ್ ರೈಲು 1892ರಿಂದ 1982ರವರೆಗೆ ಬೋಗಿಗಳನ್ನು ಹಡಗಿನಲ್ಲಿ ವಿಸ್ಕಾನ್ಸಿನ್ ಕಡೆಗೆ ಸಾಗಿಸಿತು. ಆ ಹಾದಿಯ ಬಡಗಣ ತುದಿ, ಫ್ರಾಂಕ್‌ಫರ್ಟಿನಿಂದ ಥಾಂಪ್ಸನ್‌ವಿಲ್‌ವರೆಗಿನ 22 ಮೈಲು, ಈಗ ಬೆಟ್ಸಿ ವ್ಯಾಲಿ ಟ್ರೇಲ್. ಹಿಂದೆ ಆನ್ ಆರ್ಬರಿನಲ್ಲೇ ಹತ್ತಿ ಹೋಗಬಹುದಾಗಿದ್ದ ಹಾದಿಯ ತುದಿಯಲ್ಲಿ ಇಂದು ನಡೆಯಬೇಕೆಂದರೆ ಮೊದಲು ನಾಲ್ಕು ಗಂಟೆ ಕಾರು ಓಡಿಸಬೇಕು. ಪ್ರಗತಿಗೆ ಇಂಥ ತಮಾಷೆಗಳೂ ಇರುತ್ತವೆ.

ಇನ್ನು ದ್ರಾಕ್ಷಿ. ಮಿಶಿಗನ್ನಿನಲ್ಲಿ ಅದಕ್ಕೆ ಹಳೆಯ ನೆಲೆಯಿತ್ತು, ಆದರೆ ದಕ್ಷಿಣದಲ್ಲಿ. 1701ರಲ್ಲಿ ಡೆಟ್ರಾಯಿಟ್ ಕಟ್ಟಿದ ಫ್ರೆಂಚರು ನದಿಯ ದಂಡೆಗಳಲ್ಲಿ ಕಾಡುದ್ರಾಕ್ಷಿಯ ಬಳ್ಳಿ ಕಂಡಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ರಾಜ್ಯದ ನೈಋತ್ಯದ ಪಾ ಪಾ, ಲಾಟನ್ ಸುತ್ತ ಕಾನ್‌ಕರ್ಡ್ ಜಾತಿಯ ಕಪ್ಪು ದ್ರಾಕ್ಷಿ ದಟ್ಟವಾಗಿ ಹಬ್ಬಿತು. 1918ರಲ್ಲಿ ಮಿಶಿಗನ್ ಪಾನನಿಷೇಧ ತಂದಾಗ ಅದನ್ನು ಉಳಿಸಿದ್ದು ದ್ರಾಕ್ಷಾರಸದ ಕಂಪನಿಗಳು. ನಿಷೇಧದ ಕಾಲದಲ್ಲಿ, 1921ರಲ್ಲಿ, ಡೆಟ್ರಾಯಿಟ್ ನದಿಯಾಚೆ ಕೆನಡಾದ ವಿಂಡ್ಸರ್‌ನಲ್ಲಿ ಶುರುವಾದ ಒಂದು ವೈನ್ ಕಾರ್ಖಾನೆ ನಿಷೇಧ ತೆಗೆದಮೇಲೆ ಈಚೆ ದಡಕ್ಕೆ ಬಂದು ಕೊನೆಗೆ ಪಾ ಪಾದಲ್ಲಿ ನೆಲೆ ನಿಂತಿತು. ಅದೇ ಇವತ್ತಿನ ಸೇಂಟ್ ಜೂಲಿಯನ್. ಕಾನ್‌ಕರ್ಡ್ ಕಚ್ಚಿದ ಕನ್ನಡಿಗರಿಗೆ ಆ ವಾಸನೆ ಎಲ್ಲೋ ಗೊತ್ತಿದ್ದದ್ದೇ ಅನ್ನಿಸಿದರೆ ಆಶ್ಚರ್ಯವಿಲ್ಲ. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ಚಪ್ಪರಗಳಲ್ಲಿ ತೂಗುವ ಬೆಂಗಳೂರು ಬ್ಲೂ ದ್ರಾಕ್ಷಿಯಲ್ಲೂ ಅಮೆರಿಕದ ಲಬ್ರಸ್ಕಾ ಜಾತಿಯ ಬೆರಕೆ ಇದೆ. ಘಾಟಿಗೂ ದಪ್ಪ ಸಿಪ್ಪೆಗೂ ಅದೇ ಮೂಲ.

ಉತ್ತರದ ಗುಡ್ಡಗಳ ಕತೆಗೆ ಮಾತ್ರ ವಯಸ್ಸು ತೀರ ಕಡಿಮೆ. ಟ್ರಾವರ್ಸ್ ಸಿಟಿಯ ಕಾಲೇಜೊಂದರ ಗ್ರಂಥಪಾಲಕ ಬರ್ನಿ ರಿಂಕ್ 1960ರ ದಶಕದ ನಡುವೆ ಲೀಲನೋದಲ್ಲಿ ಮಿಶ್ರತಳಿಯ ಬಳ್ಳಿಗಳನ್ನು ನೆಟ್ಟು ಪರೀಕ್ಷಿಸಿದರು. ಅವರ ಬಾಸ್ಕಿಡೆಲ್ 1976ರಲ್ಲಿ ವೈನರಿಯಾಗಿ ಬಾಗಿಲು ತೆರೆಯಿತು. 1974ರಲ್ಲಿ ಎಡ್ವರ್ಡ್ ಒ'ಕೀಫ್ ಓಲ್ಡ್ ಮಿಷನ್‌ನಲ್ಲಿ ಶಾಟೋ ಗ್ರ್ಯಾಂಡ್ ಟ್ರಾವರ್ಸ್ ಸ್ಥಾಪಿಸಿ, ಇಷ್ಟು ಚಳಿಯಲ್ಲಿ ಬದುಕದೆಂದು ಬಲ್ಲವರು ಹೇಳುತ್ತಿದ್ದ ಯುರೋಪಿನ ರೀಸ್ಲಿಂಗ್ ಬಳ್ಳಿಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದರು. ಲೀಲನೋಗೆ 1982ರಲ್ಲಿ, ಓಲ್ಡ್ ಮಿಷನ್‌ಗೆ 1987ರಲ್ಲಿ ಪ್ರತ್ಯೇಕ ದ್ರಾಕ್ಷಿ ಸೀಮೆಗಳೆಂಬ ಸರ್ಕಾರಿ ಮಾನ್ಯತೆ ಸಿಕ್ಕಿತು. 1965ರ ವಲಸೆ ಕಾನೂನಿನ ಬಳಿಕವೇ ಕನ್ನಡದ ಇಂಜಿನಿಯರುಗಳೂ ಡಾಕ್ಟರುಗಳೂ ಡೆಟ್ರಾಯಿಟ್ ಕಡೆ ಬರತೊಡಗಿದ್ದೆಂಬುದನ್ನು ನೆನೆದರೆ, ಈ ವೈನ್ ನಾಡು ಅಲ್ಲಿನ ಮೊದಲ ಕನ್ನಡ ಸಂಸಾರಗಳ ಓರಗೆಯದು. ಅವು ಟ್ರಾವರ್ಸ್ ಸಿಟಿ ನೋಡಲು ಹೋದಾಗ ಕಂಡಿದ್ದು ಚೆರ್ರಿ ನಾಡನ್ನು. ಯುರೋಪಿನ ದ್ರಾಕ್ಷಿ ಕಣಿವೆಗಳ ಹಾಗೆ ಇಲ್ಲಿ ಬಳ್ಳಿಯ ಕೆಲಸಕ್ಕೆ ಓಡಾಡಿ ಓಡಾಡಿ ಸವೆದ ಶತಮಾನಗಳ ಕಾಲುದಾರಿ ಇಲ್ಲ, ಇರಲು ಕಾಲವೂ ಸಿಕ್ಕಿಲ್ಲ.

ಇಲ್ಲಿ ಬಲವಾದ ಆಕ್ಷೇಪವೊಂದು ಬರುತ್ತದೆ. ದ್ರಾಕ್ಷಿ ದಾರಿ ಮಾಡದಿರಬಹುದು, ನೆಲ ಉಳಿಸಿತಲ್ಲ? ಚೆರ್ರಿಯ ಬೆಲೆ ಏಳುಬೀಳಿಗೆ ಸಿಕ್ಕಿತು. 2012ರ ಮಾರ್ಚಿನಲ್ಲಿ ಅಕಾಲದ ಬಿಸಿಗೆ ಅರಳಿದ ಮೊಗ್ಗನ್ನು ಏಪ್ರಿಲಿನ ಹಿಮ ಸುಟ್ಟು ಮಿಶಿಗನ್ನಿನ ಹುಳಿ ಚೆರ್ರಿಯ ಫಸಲು ಬಹುಪಾಲು ನೆಲಕಚ್ಚಿತು. ಇಂಥ ಬೆಳೆ ನಂಬಿದ ರೈತ ಸರೋವರ ಕಾಣುವ ಗುಡ್ಡವನ್ನು ಬೇಸಿಗೆ ಮನೆಗಳ ದಲ್ಲಾಳಿಗೆ ಮಾರದೆ ಏನು ಮಾಡಿಯಾನು? ಎಕರೆಗೆ ಹೆಚ್ಚು ತರುವ ವೈನ್ ಬಂದದ್ದರಿಂದ ಕೆಲವು ಗುಡ್ಡಗಳಾದರೂ ಹಸಿರಾಗಿ ಉಳಿದವು. ಈ ವಾದದಲ್ಲಿ ಸತ್ಯ ಇದೆ, ಅದನ್ನು ತಳ್ಳಿಹಾಕಲಾರೆ. ಆದರೆ ನೋಟ ತಂದ ಬೆಲೆಯೇ ಆ ನೋಟಕ್ಕೆ ಕಂಟಕವೂ ಆಗುತ್ತದೆ. ಬಾಟಲಿಯಷ್ಟೇ ಮಾರಿದರೆ ಸಾಲದು. ಮದುವೆ ಮಂಟಪ, ಸಂಗೀತ, ಊಟದ ಹಾಲ್ ಬೇಕು ಎಂಬ ಒತ್ತಡ ಹುಟ್ಟುತ್ತದೆ. ಇದೇ ವಿಷಯಕ್ಕೆ ಓಲ್ಡ್ ಮಿಷನ್‌ನ ವೈನರಿಗಳ ಸಂಘ 2020ರಲ್ಲಿ ಅಲ್ಲಿನ ಸ್ಥಳೀಯ ಆಡಳಿತವಾದ ಪೆನಿನ್ಸುಲಾ ಟೌನ್‌ಶಿಪ್ ಮೇಲೆ ಫೆಡರಲ್ ಕೋರ್ಟಿಗೆ ಹೋಯಿತು. ಯಾರ ಪಕ್ಷ ಸರಿ ಎಂಬುದು ಇಲ್ಲಿ ಮುಖ್ಯವಲ್ಲ. ದ್ರಾಕ್ಷಿ ಇದ್ದಮಾತ್ರಕ್ಕೆ ಗುಡ್ಡ ತಾನಾಗಿ ಉಳಿಯದು ಎಂಬುದಕ್ಕೆ ಈ ಮೊಕದ್ದಮೆಯೇ ಸಾಕ್ಷಿ.

ಓಲ್ಡ್ ಮಿಷನ್‌ನಲ್ಲಿ ಗುಡ್ಡ ಉಳಿಯಲು ಇನ್ನೊಂದು ಕಾರಣವಿದೆ, ಅದು ಮತಪೆಟ್ಟಿಗೆಯಿಂದ ಬಂದದ್ದು. 1994ರಲ್ಲಿ ಪೆನಿನ್ಸುಲಾ ಟೌನ್‌ಶಿಪ್ಪಿನ ಮತದಾರರು ತಮ್ಮ ಆಸ್ತಿ ತೆರಿಗೆಯನ್ನು ತಾವೇ ಏರಿಸಿಕೊಂಡು, ಆ ದುಡ್ಡಿನಿಂದ ರೈತರ ಕಟ್ಟಡ ಕಟ್ಟುವ ಹಕ್ಕನ್ನು ಮಾತ್ರ ಕೊಳ್ಳಲು ಒಪ್ಪಿದರು. ನೆಲ ರೈತನದೇ, ಬೇಸಾಯವೂ ಅವನದೇ; ಲೇಔಟ್ ಮಾಡುವ ಹಕ್ಕೊಂದು ಊರಿಗೆ ಸೇರಿ ಶಾಶ್ವತವಾಗಿ ಬೀಗ ಬೀಳುತ್ತದೆ. ನಮ್ಮ ಕಡೆ ಭೂಪರಿವರ್ತನೆಗೆ ದುಡ್ಡು ಕೊಡುವುದು ಗೊತ್ತು. ಪರಿವರ್ತನೆ ಆಗದಂತೆ ದುಡ್ಡು ಕೊಡುವುದು ಬೆಂಗಳೂರು ಗ್ರಾಮಾಂತರದ ರೈತನಿಗೆ ವಿಚಿತ್ರವಾಗಿ ಕಂಡೀತು. ಆದರೂ ಒಂದು ಕೊರೆ ಗಮನಿಸಬೇಕು. ಹೀಗೆ ಕೊಂಡದ್ದು ನೋಟವನ್ನು, ನಡಿಗೆಯನ್ನಲ್ಲ. ಬೀಗ ಬಿದ್ದ ತೋಟವೂ ಖಾಸಗಿಯೇ. ಸಾಲುಗಳ ನಡುವೆ ಕಾಲಿಟ್ಟರೆ ಅತಿಕ್ರಮಣವೇ. ಇಂಗ್ಲೆಂಡಿನಲ್ಲಿ ಹೊಲದ ನಡುವೆ ಹಾಯುವ ಕಾಲುದಾರಿಗೆ ಇರುವ ಹಕ್ಕು ಇಲ್ಲಿಲ್ಲ. ನೀರಂಚಿನಲ್ಲಿ ಮಾತ್ರ ಒಂದು ವಿನಾಯಿತಿ: ದೊಡ್ಡ ಸರೋವರಗಳ ದಡದಲ್ಲಿ, ನೀರು ಸಾಮಾನ್ಯವಾಗಿ ಏರುವ ಗುರುತಿನ ಕೆಳಗೆ, ಪಕ್ಕದ ಮನೆ ಯಾರದಾದರೂ ಯಾರು ಬೇಕಾದರೂ ನಡೆಯಬಹುದೆಂದು ಮಿಶಿಗನ್ ಸುಪ್ರೀಂ ಕೋರ್ಟ್ 2005ರಲ್ಲಿ ತೀರ್ಪಿತ್ತಿತು.

ನಡಿಗೆಗೆಂದೇ ಕೊಂಡ ನೆಲ ಲೀಲನೋದ ಪಶ್ಚಿಮ ದಡದಲ್ಲಿದೆ. ಸ್ಲೀಪಿಂಗ್ ಬೇರ್ ಮರಳುಗುಡ್ಡಗಳನ್ನು ರಾಷ್ಟ್ರದ ಆಸ್ತಿ ಮಾಡಬೇಕೆಂದು ಸೆನೆಟರ್ ಫಿಲಿಪ್ ಹಾರ್ಟ್ 1961ರಲ್ಲಿ ಮಸೂದೆ ತಂದಾಗ ಊರವರು ರೊಚ್ಚಿಗೆದ್ದರು. ಒಂಬತ್ತು ವರ್ಷ ಎಳೆದಾಟವಾಗಿ 1970ರ ಅಕ್ಟೋಬರಿನಲ್ಲಿ ಕಾನೂನಾಯಿತು. ಸುಮಾರು 71 ಸಾವಿರ ಎಕರೆ. ಇವತ್ತು ಎಂಪೈರ್ ಬ್ಲಫ್‌ನ ಅರ್ಧದಿನಕ್ಕೂ ಕಡಿಮೆಯ ನಡಿಗೆ, ಪಿರಮಿಡ್ ಪಾಯಿಂಟಿನ ಸುತ್ತು, ಪೋರ್ಟ್ ಒನೈಡಾದ ಹಳೆಯ ಜರ್ಮನ್ ವಲಸಿಗರ ಹೊಲಗಳ ನಡುವಿನ ದಾರಿ ಎಲ್ಲವೂ ಆ ಗಡಿಯೊಳಗೆ. ಲೀಲನೋ ಕನ್ಸರ್ವೆನ್ಸಿಯಂಥ ಸಂಸ್ಥೆಗಳು 1988ರಿಂದೀಚೆಗೆ ದೇಣಿಗೆ ಎತ್ತಿ ಕೊಂಡ ಹ್ಯೂಡೆಕ್ ಡ್ಯೂನ್ಸ್, ಕ್ಲೇ ಕ್ಲಿಫ್ಸ್‌ನಂಥ ತುಣುಕುಗಳನ್ನೂ ಇದಕ್ಕೆ ಸೇರಿಸಿದರೆ, ದ್ರಾಕ್ಷಿ ಸೀಮೆಯ ನಡಿಗೆಯ ನಕ್ಷೆ ಬಹುಮಟ್ಟಿಗೆ ಪೂರ್ತಿಯಾಗುತ್ತದೆ. ಆ ನಕ್ಷೆಯಲ್ಲಿ ವೈನರಿಗಳು ದಾರಿಯ ಪಕ್ಕದಲ್ಲಿ ಬರುತ್ತವೆ. ದಾರಿ ಅವುಗಳಿಂದ ಬರುವುದಿಲ್ಲ.

ನಂದಿಯ ಸೀಮೆಯನ್ನು ಇದರ ಪಕ್ಕಕ್ಕಿಟ್ಟು ನೋಡಿದರೆ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. ಅಲ್ಲೂ ಗುಡ್ಡದ ಬುಡಕ್ಕೆ ವೈನ್ ದ್ರಾಕ್ಷಿ ಬಂದದ್ದು ತಡವಾಗಿ: ಗ್ರೋವರ್ ತೋಟ ದೊಡ್ಡಬಳ್ಳಾಪುರದ ಕಡೆ ತಲೆಯೆತ್ತಿದ್ದು 1980ರ ದಶಕದ ಕೊನೆಗೆ, ರಾಜ್ಯದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದದ್ದು 2007ರಲ್ಲಿ, ಬೆಂಗಳೂರು ಬ್ಲೂಗೆ ಭೌಗೋಳಿಕ ಮಾನ್ಯತೆ ಸಿಕ್ಕಿದ್ದು 2013ರಲ್ಲಿ. ನಡಿಗೆ ಅದಕ್ಕಿಂತ ಎಷ್ಟೋ ಹಳೆಯದು. ಒಂಬತ್ತನೇ ಶತಮಾನದ ಭೋಗನಂದೀಶ್ವರನ ಗುಡಿಯಿಂದ ಹೊರಟು ಆಷಾಢದ ಸೋಮವಾರ ಜನ ಮಾಡುವ ನಂದಿ ಗಿರಿಪ್ರದಕ್ಷಿಣೆ ದ್ರಾಕ್ಷಿ ಚಪ್ಪರಗಳ ಪಕ್ಕದಲ್ಲೇ ಹಾಯುತ್ತದೆ, ಯಾರೂ ಟಿಕೆಟ್ ಕೊಳ್ಳುವುದಿಲ್ಲ. ಅಲ್ಲಿ ದಾರಿಯನ್ನು ಕಾದದ್ದು ಹರಕೆ ಮತ್ತು ಹಳ್ಳಿಯ ನಕಾಶೆ: ಸರ್ವೆಯವರು ಬಂಡಿದಾರಿ, ಕಾಲುದಾರಿ ಎಂದು ಗೆರೆ ಎಳೆದುಬಿಟ್ಟರೆ ಅಕ್ಕಪಕ್ಕದ ಹಿಡುವಳಿದಾರ ಯಾರೇ ಬದಲಾಗಲಿ ನಕಾಶೆಯ ದಾರಿಯನ್ನು ಮುಚ್ಚುವ ಹಾಗಿಲ್ಲ. ಮುಚ್ಚುವವರಿದ್ದಾರೆ, ಅದಕ್ಕೇ ತಹಸೀಲ್ದಾರರ ಕಚೇರಿಯಲ್ಲಿ ದಾರಿ ತಕರಾರಿನ ಅರ್ಜಿಗಳಿಗೆ ಎಂದೂ ಬರವಿಲ್ಲ. ಆದರೂ ತತ್ತ್ವ ಸ್ಪಷ್ಟ: ಬೆಳೆ ಒಂದು ಲೆಕ್ಕ, ದಾರಿ ಇನ್ನೊಂದು ಲೆಕ್ಕ. ಮಿಶಿಗನ್ ದುಡ್ಡು ಕೊಟ್ಟು ಕಟ್ಟಿಕೊಂಡದ್ದು ನಮ್ಮಲ್ಲಿ ರೂಢಿಯಿಂದ ಬಂದಿತ್ತು. ವೈನ್ ಪ್ರವಾಸೋದ್ಯಮದ ಉತ್ಸಾಹದಲ್ಲಿ ಈ ರೂಢಿಯನ್ನು ಕಳೆದುಕೊಂಡರೆ ಮತ್ತೆ ಕೊಳ್ಳುವಷ್ಟು ದುಡ್ಡು ಚಿಕ್ಕಬಳ್ಳಾಪುರದ ಯಾವ ಪಂಚಾಯಿತಿಯ ಬಳಿಯೂ ಇರಲಾರದು.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಕಠಿಣವಾದದ್ದು. ಸಾರ್ವಜನಿಕರಿಗಾಗಿ ಕೊಂಡದ್ದು ಎಂಬ ಮಾತು ಕೇಳಲು ಚೆನ್ನ. ಕೊಳ್ಳುವಾಗ ಎಷ್ಟು ಒಲೆ ಆರಿದವು? ಸ್ಲೀಪಿಂಗ್ ಬೇರ್ ಗಡಿಯೊಳಗೆ ಸಿಕ್ಕಿಕೊಂಡ ಕುಟುಂಬಗಳಿಗೆ ಪರಿಹಾರ ಸಿಕ್ಕಿತು, ಕೆಲವರಿಗೆ ಜೀವಮಾನದ ಇಲ್ಲವೇ 25 ವರ್ಷದ ವಾಸದ ಹಕ್ಕೂ ಸಿಕ್ಕಿತು. ಒಲ್ಲದೆ ಮಾರಿದವರ ಸಿಟ್ಟು ಒಂದು ತಲೆಮಾರು ಆರಲಿಲ್ಲ. ಖಾಲಿಯಾದ ಮನೆ, ಕಣಜಗಳನ್ನು ಪಾರ್ಕಿನವರು ಮೊದಮೊದಲು ಬೇಡದ ಸಾಮಾನಿನಂತೆ ಕಂಡರು. ಪೋರ್ಟ್ ಒನೈಡಾದ ಕಣಜಗಳು ಇಂದು ನಿಂತಿದ್ದರೆ ಅದು 1990ರ ದಶಕದಲ್ಲಿ ಹಟ ಹಿಡಿದ ಸ್ಥಳೀಯರಿಂದ. ಈ ನೋವನ್ನು ಮುಚ್ಚಿಟ್ಟು ದಾರಿಯನ್ನು ಹೊಗಳುವುದು ಸರಿಯಲ್ಲ. ಆದರೆ ಹೋಲಿಕೆ ಮಾಡುವುದಾದರೆ ಪೂರ್ತಿ ಮಾಡಬೇಕು. ಆ ಕುಟುಂಬಗಳಿಗಿಂತ ಮುಂಚೆ ನೆಲ ಕಳೆದುಕೊಂಡವರು ಒಡಾವಾ, ಓಜಿಬ್ವೆ ಜನ. 1855ರ ಡೆಟ್ರಾಯಿಟ್ ಒಪ್ಪಂದದಲ್ಲಿ ಲೀಲನೋದಲ್ಲಿ ಅವರಿಗೆಂದು ತೆಗೆದಿಟ್ಟ ನೆಲದ ಬಹುಪಾಲು ತೆರಿಗೆ ಬಾಕಿ, ಮೋಸದ ಕ್ರಯಗಳಲ್ಲಿ ಕರಗಿತು. ಅವರ ಗ್ರ್ಯಾಂಡ್ ಟ್ರಾವರ್ಸ್ ಬ್ಯಾಂಡಿಗೆ ಫೆಡರಲ್ ಮಾನ್ಯತೆ ಮರಳಿ ಸಿಗಲು 1980 ಬರಬೇಕಾಯಿತು.

1836ರ ಒಪ್ಪಂದದಲ್ಲಿ ಅವರು ಒಂದು ಹಕ್ಕನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ: ನೆಲ ನೆಲಸುಗಾರರಿಗೆ ಬೇಕಾಗುವ ತನಕ ಅಲ್ಲಿ ಬೇಟೆಯಾಡುವ, ಕಾಡಿನ ಬಳಕೆ ಮಾಡುವ ಹಕ್ಕು. ಬೇಕಾಗುವ ತನಕ ಎಂದರೆ ಎಲ್ಲಿಯವರೆಗೆ? ಅದರ ಮೇಲೆ ವರ್ಷಗಟ್ಟಲೆ ನಡೆದ ಮೊಕದ್ದಮೆ 2007ರಲ್ಲಿ ರಾಜ್ಯ ಮತ್ತು ಐದು ಬುಡಕಟ್ಟುಗಳ ನಡುವಿನ ಒಪ್ಪಿತ ತೀರ್ಪಿನಲ್ಲಿ ಮುಗಿಯಿತು. ಆ ತೀರ್ಪು ಹಕ್ಕು ಇನ್ನೂ ಜೀವಂತವಿದೆ ಎಂದಿತು. ಆದರೆ ಅದು ಚಲಾವಣೆಯಾಗುವ ಮುಖ್ಯ ಜಾಗ ಸಾರ್ವಜನಿಕ ನೆಲ. ತೋಟ, ಮನೆ, ವೈನರಿ ಎಂದು ಬೇಲಿ ಬಿದ್ದಲ್ಲೆಲ್ಲ ನೆಲ ನೆಲಸುಗಾರರಿಗೆ ಬೇಕಾಗಿಬಿಟ್ಟಿದೆ ಎಂದೇ ಲೆಕ್ಕ. ಸಾರ್ವಜನಿಕ ನೆಲವೂ ಒಕ್ಕಲೆಬ್ಬಿಸಿತು ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಮೊದಲು ಒಕ್ಕಲೆದ್ದವರು ಕಾಡಿನ ಹಣ್ಣು, ಔಷಧಿಯ ಬೇರು ಹುಡುಕಿಕೊಂಡು ಯಾವ ಖಾಸಗಿ ಮಾಲೀಕನ ಅಪ್ಪಣೆಯನ್ನೂ ಕೇಳದೆ ಕಾಲಿಡಬಹುದಾದ ಜಾಗ ಆ ಸೀಮೆಯಲ್ಲಿ ಇನ್ನೂ ಉಳಿದಿದ್ದರೆ ಅದು ಬಹುಮಟ್ಟಿಗೆ ಸಾರ್ವಜನಿಕ ಕಾಡುಗಳಲ್ಲೇ.